ಮೆಟಾಲಿಕಾಗೆ ಹಾಡು ಕೊಟ್ಟು ಹಿಂದೆ ಉಳಿದ ಡೈಮಂಡ್ ಹೆಡ್

‘ಆಮ್ ಐ ಈವಿಲ್?’ ಅಮೆರಿಕದ ಹೆವಿ ಮೆಟಲ್ (ಅಬ್ಬರದ ರಾಕ್) ಬ್ಯಾಂಡ್ ಮೆಟಾಲಿಕಾದ್ದೇ ಹಾಡು ಅಂದುಕೊಂಡವರು ತುಂಬಾ ಜನ. ಅದು ಇಂಗ್ಲೆಂಡಿನ ಡೈಮಂಡ್ ಹೆಡ್ ಬ್ಯಾಂಡಿನದು. ಮೆಟಾಲಿಕಾ ಇವರ ನಾಲ್ಕು ಹಾಡುಗಳನ್ನು ರೆಕಾರ್ಡ್ ಮಾಡಿದೆ. ಅಂಥವರು ತಾವೇ ಯಾಕೆ ಮೇಲೆ ಬರಲಿಲ್ಲ? ರೆಕಾರ್ಡ್ ಕಂಪನಿ ಕೈಕೊಟ್ಟಿತು ಅನ್ನೋದು ಅಭಿಮಾನಿಗಳು ಸಾಮಾನ್ಯವಾಗಿ ಹೇಳುವ ಮಾತು. ನನ್ನ ಪ್ರಕಾರ ಬ್ಯಾಂಡ್ ಸೋತದ್ದು ಅದಕ್ಕೂ ಮೊದಲೇ, ಕಾದು ಕೂತ ಎರಡು ವರ್ಷಗಳಲ್ಲಿ.

1976ರಲ್ಲಿ ಸ್ಟೌರ್‌ಬ್ರಿಡ್ಜ್ ಎಂಬ ಊರಿನಲ್ಲಿ ಗಿಟಾರಿಸ್ಟ್ ಬ್ರಯಾನ್ ಟ್ಯಾಟ್ಲರ್ ಮತ್ತು ಡ್ರಮ್ಮರ್ ಡಂಕನ್ ಸ್ಕಾಟ್ ಬ್ಯಾಂಡ್ ಶುರು ಮಾಡಿದರು. ಇಬ್ಬರೂ ಶಾಲೆಯ ಗೆಳೆಯರು. ಆಮೇಲೆ ಗಾಯಕ ಷಾನ್ ಹ್ಯಾರಿಸ್, ಬೇಸ್ ನುಡಿಸುವ ಕಾಲಿನ್ ಕಿಂಬರ್ಲಿ ಸೇರಿಕೊಂಡರು. ಟ್ಯಾಟ್ಲರ್‌ಗೆ ರಿಫ್‌ಗಳ, ಅಂದರೆ ಹಾಡಿನುದ್ದಕ್ಕೂ ಮರುಕಳಿಸುವ ಗಿಟಾರ್ ತುಣುಕುಗಳ, ಬರವೇ ಇರಲಿಲ್ಲ. ‘ಆಮ್ ಐ ಈವಿಲ್?’ ಏಳು ನಿಮಿಷಕ್ಕೂ ಜಾಸ್ತಿ ಇದೆ. ಭಾರವಾಗಿ, ನಿಧಾನವಾಗಿ ಶುರುವಾಗಿ ನಡುವೆ ಇದ್ದಕ್ಕಿದ್ದಂತೆ ಓಟ ಕೀಳುತ್ತದೆ. ಮುಂದೆ ಬಂದ ಥ್ರ್ಯಾಶ್ ಮೆಟಲ್ ಎಂಬ ವೇಗದ ಶೈಲಿಯ ಗುಟ್ಟು ಆ ತಿರುವಿನಲ್ಲೇ ಇದೆ.

1980ರ ಹೊತ್ತಿಗೆ ಬ್ರಿಟಿಷ್ ಮೆಟಲ್‌ನ ಹೊಸ ಅಲೆ ಎದ್ದಿತ್ತು. ಐರನ್ ಮೇಡನ್ ಮತ್ತು ಡೆಫ್ ಲೆಪರ್ಡ್ ಆ ವರ್ಷವೇ ದೊಡ್ಡ ಕಂಪನಿಗಳಿಂದ ಮೊದಲ ಆಲ್ಬಂ ತಂದವು. ಡೈಮಂಡ್ ಹೆಡ್‌ಗೆ ಒಪ್ಪಂದ ಸಿಗಲಿಲ್ಲ. ಹ್ಯಾರಿಸ್‌ನ ತಾಯಿಯೂ ಮ್ಯಾನೇಜರ್‌ಗಳಲ್ಲಿ ಒಬ್ಬರು. ಮನೆಮಂದಿಯ ಪ್ರೀತಿ ಸರಿ, ಆದರೆ ಕಂಪನಿಗಳ ಜೊತೆ ವ್ಯವಹಾರ ಕುದುರಿಸಲು ಅದು ಸಾಲಲಿಲ್ಲ. ಕೊನೆಗೆ ತಾವೇ ಆಲ್ಬಂ ತಂದರು. ಹೆಸರೂ ಇಲ್ಲದ ಬಿಳಿ ಕವರ್, ಸಾವಿರ ಪ್ರತಿ, ಅಂಚೆ ಮೂಲಕ ಮಾರಾಟ. ಇವತ್ತು ಅದು ‘ಲೈಟ್ನಿಂಗ್ ಟು ದಿ ನೇಷನ್ಸ್’ ಎಂದು ಹೆಸರಾಗಿದೆ. ಅದೇ ಇವರ ಅತ್ಯುತ್ತಮ ಕೆಲಸ. ಆದರೆ ಆಗ ಅದನ್ನು ಕೇಳಿದವರೆಷ್ಟು ಜನ?

ಕೇಳಿದವರಲ್ಲಿ ಹದಿಹರೆಯದ ಲಾರ್ಸ್ ಉಲ್ರಿಕ್ ಒಬ್ಬ. 1981ರಲ್ಲಿ ಅಮೆರಿಕದಿಂದ ವಿಮಾನ ಹತ್ತಿ ಇವರ ಕಾರ್ಯಕ್ರಮಕ್ಕೆ ಬಂದ. ಟ್ಯಾಟ್ಲರ್ ಮನೆಯಲ್ಲೇ ಉಳಿದುಕೊಂಡ. ವಾಪಸ್ ಹೋಗಿ ಅದೇ ವರ್ಷ ಮೆಟಾಲಿಕಾ ಕಟ್ಟಿದ.

ಎರಡು ವರ್ಷ ಕಾದ ಮೇಲೆ ಎಂಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿಯಿಂದ ‘ಬಾರೋಡ್ ಟೈಮ್’ ಆಲ್ಬಂ ಬಂದದ್ದು 1982ರಲ್ಲಿ. ಬ್ರಿಟಿಷ್ ಪಟ್ಟಿಯಲ್ಲಿ 24ನೇ ಸ್ಥಾನ, ಕಳಪೆಯೇನಲ್ಲ. ಆದರೆ ‘ಆಮ್ ಐ ಈವಿಲ್?’ ಅನ್ನೇ ಮತ್ತೆ ರೆಕಾರ್ಡ್ ಮಾಡಿ ಹಾಕಿದ್ದರು. ಮರುವರ್ಷದ ‘ಕ್ಯಾಂಟರ್‌ಬರಿ’ಯಲ್ಲಿ ದಾರಿಯನ್ನೇ ಬದಲಿಸಿದರು. ಮೆತ್ತಗಿನ, ಪ್ರಯೋಗದ ಸಂಗೀತ ಅದು. ಕೇಳಲು ಚೆನ್ನಾಗೇ ಇದೆ, ಆದರೆ ಮೆಟಲ್ ಕೇಳುಗರು ಆಗ ವೇಗ ಬಯಸುತ್ತಿದ್ದರು. ರೆಕಾರ್ಡಿಂಗ್ ನಡುವೆಯೇ ಸ್ಕಾಟ್, ಕಿಂಬರ್ಲಿ ಇಬ್ಬರೂ ಹೊರಬಿದ್ದರು. ಸಾಲದ್ದಕ್ಕೆ ಮೊದಲ 20,000 ಪ್ರತಿಗಳಲ್ಲಿ ಮುದ್ರಣದ ದೋಷ, ಸೂಜಿ ಜಿಗಿಯುತ್ತಿತ್ತು. ಎಂಸಿಎ ಕೈಬಿಟ್ಟಿತು. 1985ರಲ್ಲಿ ಬ್ಯಾಂಡ್ ಮುಗಿಯಿತು.

ಮೆಟಾಲಿಕಾ ಮಾತ್ರ ಇವರ ಹಾಡುಗಳನ್ನು ಬಿಡಲಿಲ್ಲ. ಅದರಿಂದ ಬರುವ ರಾಯಲ್ಟಿ ಟ್ಯಾಟ್ಲರ್‌ಗೆ ಆಸರೆಯಾಯಿತು. ಮತ್ತೆ ಒಂದಾಗಿ 1993ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಮೆಟಾಲಿಕಾಗೂ ಮೊದಲು ವೇದಿಕೆ ಹತ್ತಿದರು, ಬೇಗನೇ ಮತ್ತೆ ಚದುರಿದರು. ಆಮೇಲೆ ಮತ್ತೆ ಕಟ್ಟಿದ ಇವತ್ತಿನ ಬ್ಯಾಂಡಿನಲ್ಲಿ ಹಳಬ ಅಂದರೆ ಟ್ಯಾಟ್ಲರ್ ಒಬ್ಬರೇ. 2020ರಲ್ಲಿ ಆ ಮೊದಲ ಆಲ್ಬಮ್ಮನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಜೊತೆಗೆ ಮೆಟಾಲಿಕಾದ ‘ನೋ ರಿಮೋರ್ಸ್’ ಹಾಡನ್ನೂ ಸೇರಿಸಿದರು.