ಹಿಂಡಿಯ ಚೀಲದಿಂದ ಔಷಧದ ಅಂಗಡಿಗೆ: ಬೂಷ್ಟಿನ ವಿಷ ಹಿಡಿಯುವ ‘ಬೈಂಡರ್’ ನಡೆದು ಬಂದ ದಾರಿ

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ದನ, ಕೋಳಿ ಸಾಕುವವರಿಗೆ ‘ಟಾಕ್ಸಿನ್ ಬೈಂಡರ್’ ಹೊಸ ಮಾತಲ್ಲ. ಮೇವಿನಲ್ಲಿರುವ ಬೂಷ್ಟಿನ ವಿಷವನ್ನು ಹಿಡಿದಿಟ್ಟುಕೊಳ್ಳಲಿ ಎಂದು ಆಹಾರಕ್ಕೆ ಬೆರೆಸುವ ಪುಡಿ ಅದು. ಅದೇ ಪದ ಈಗ ಮನುಷ್ಯರ ಔಷಧಕ್ಕೂ ಬಂದಿದೆ. ಗೋಡೆಗೆ ಬೂಷ್ಟು ಹತ್ತಿದ ಮನೆಯಲ್ಲಿದ್ದು ಮೈ ಸೋತಿದೆ, ತಲೆ ಮಂಕಾಗಿದೆ ಎನ್ನುವವರು ಕೊಲೆಸ್ಟಿರಮಿನ್ ಎಂಬ ಔಷಧದ ಪುಡಿ, ಇದ್ದಿಲಿನ ಕ್ಯಾಪ್ಸೂಲುಗಳ ಬಗ್ಗೆ ಮೊಬೈಲಿನಲ್ಲಿ ಓದಿ ವೈದ್ಯರನ್ನು ಕೇಳುತ್ತಾರೆ. ಮೇವಿನ ಪುಡಿಗೆ ಇರುವ ಪುರಾವೆ ಈ ಔಷಧಕ್ಕೂ ಇದೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಉತ್ತರ ಬೇಕೆಂದರೆ ಶೇಂಗಾ ಹಿಂಡಿಯಿಂದಲೇ ಶುರು ಮಾಡಬೇಕು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತಾ ಹೋದವರು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಗೆ ಬಂದು ನಿಂತರು. ಅದರ ಮೇಲೆ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟಿನ ಹೆಸರಿನಿಂದಲೇ ‘ಅಫ್ಲಟಾಕ್ಸಿನ್’ ಎಂಬ ಪದ ಹುಟ್ಟಿತು. ಎಣ್ಣೆ ತೆಗೆದಾಗ ಈ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ.

ಮನುಷ್ಯರಿಗೆ ಇದು ಏನು ಮಾಡಬಲ್ಲದು ಎಂಬುದು 1974ರ ಕೊನೆಗೆ ನಮ್ಮ ದೇಶದಲ್ಲೇ ಗೊತ್ತಾಯಿತು. ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ನೆನೆದ ಮೆಕ್ಕೆಜೋಳ ತಿಂದವರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಮನೆಗಳ ನಾಯಿಗಳೂ ಸತ್ತವು. ಆ ಕಾಳಿನಲ್ಲಿ ಕಿಲೊಗೆ 6ರಿಂದ 15 ಮಿಲಿಗ್ರಾಂ ವಿಷವಿತ್ತು. ಇಂದು ಧಾನ್ಯಕ್ಕೆ ಇರುವ ಮಿತಿ ಕಿಲೊಗೆ 15 ಮೈಕ್ರೊಗ್ರಾಂ, ಅಂದರೆ ಅದರ ನಾನೂರರಲ್ಲೊಂದರಿಂದ ಸಾವಿರದಲ್ಲೊಂದು ಪಾಲಿನಷ್ಟು. 1995ರಲ್ಲಿ ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಮುಗ್ಗಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ಅಲ್ಲಿ ಸಿಕ್ಕಿದ್ದು ಬೇರೆ ಬೂಷ್ಟಿನ ಬೇರೆ ವಿಷ, ಫ್ಯುಮೊನಿಸಿನ್. ಬೈಂಡರ್ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ.

1980ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ಫಿಲಿಪ್ಸ್ ಮತ್ತು ಸಂಗಡಿಗರು ಕೋಳಿ ಆಹಾರಕ್ಕೆ ಶೇ 0.5ರಷ್ಟು ಒಂದು ಬಗೆಯ ಜೇಡಿಮಣ್ಣು ಬೆರೆಸಿ ನೋಡಿದರು. ಅಫ್ಲಟಾಕ್ಸಿನ್‌ನ ಹಾನಿ ಕಡಿಮೆಯಾಯಿತು. ಅದರ ಅಣು ಚಪ್ಪಟೆ. ಜೇಡಿಯ ಪದರಗಳ ನಡುವಿನ ಸಂದಿಗೆ ಅದು ಹೊಕ್ಕು ಅಂಟಿಕೊಳ್ಳುತ್ತದೆ, ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಫ್ಯುಮೊನಿಸಿನ್‌ನಂಥ ಬೇರೆ ವಿಷಗಳ ಆಕಾರ, ಗುಣ ಬೇರೆಯಾದ್ದರಿಂದ ಅದೇ ಜೇಡಿಗೆ ಅವು ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ‘ಎಲ್ಲ ಬೂಷ್ಟಿಗೂ ಒಂದೇ ಬೈಂಡರ್’ ಎಂದು ಬರೆದ ಚೀಲವನ್ನು ನಂಬಬಾರದು. ಯಾವ ವಿಷಕ್ಕೆ ಎಂದು ಕೇಳಿಯೇ ಕೊಳ್ಳಬೇಕು.

ಹಾಲಿನ ಲೆಕ್ಕ ನೋಡಿದರೆ ಇದು ಎಷ್ಟು ಹತ್ತಿರದ ವಿಷಯ ಎಂದು ತಿಳಿಯುತ್ತದೆ. ಅಫ್ಲಟಾಕ್ಸಿನ್‌ನ ಮುಖ್ಯ ಬಗೆ ಬಿ1; ಹಸು ತಿಂದ ಬಿ1ರಲ್ಲಿ ಸುಮಾರು ಶೇ 1ರಿಂದ 6ರಷ್ಟು, ಮೈಯೊಳಗೆ ಎಂ1 ಎಂಬ ರೂಪಕ್ಕೆ ಬದಲಾಗಿ ಹಾಲಿಗೆ ಇಳಿಯುತ್ತದೆ. ಕಿಲೊಗೆ 200 ಮೈಕ್ರೊಗ್ರಾಂ ಬಿ1 ಇರುವ ಹಿಂಡಿಯನ್ನು ದಿನಕ್ಕೆ 1 ಕಿಲೊ ತಿನ್ನಿಸಿದೆವು ಅಂದುಕೊಳ್ಳೋಣ. ಶೇ 2 ಹಿಡಿದರೂ 4 ಮೈಕ್ರೊಗ್ರಾಂ ಹಾಲಿಗೆ ಬಂತು. ಹಸು 8 ಲೀಟರ್ ಕೊಟ್ಟರೆ ಲೀಟರಿಗೆ 0.5 ಮೈಕ್ರೊಗ್ರಾಂ, ಹಾಲಿಗೆ ಇರುವ ಮಿತಿ ಹೆಚ್ಚೂಕಡಿಮೆ ಅಷ್ಟೇ. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯ 6,432 ಮಾದರಿಗಳಲ್ಲಿ ಶೇ 5.7ರಷ್ಟು ಆ ಮಿತಿ ದಾಟಿದ್ದವು. ಒಳ್ಳೆಯ ಸಂಗತಿಯೆಂದರೆ, ಕೆಟ್ಟ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುತೇಕ ತಿಳಿಯಾಗುತ್ತದೆ. ಬೈಂಡರ್ ಹಾಕಿದ್ದೇವೆಂದು ಮುಗ್ಗಿದ ಹಿಂಡಿಯನ್ನೇ ಮುಂದುವರಿಸುವುದು ತಪ್ಪು, ಅದು ವಿಷವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಪುಡಿಯನ್ನು ಹಿಂಡಿಯ ಮೇಲೆ ಉದುರಿಸಿ ಬಿಟ್ಟರೆ ಹಸು ಬಿಟ್ಟು ತಿನ್ನುತ್ತದೆ. ಮೊದಲು ಸ್ವಲ್ಪ ನುಚ್ಚಿನಲ್ಲಿ ಕಲೆಸಿ, ಆಮೇಲೆ ಪೂರ್ತಿ ಆಹಾರಕ್ಕೆ ಬೆರೆಸಬೇಕು.

ಜೇಡಿಯನ್ನು ಮನುಷ್ಯರಿಗೂ ಕೊಟ್ಟು ನೋಡಿದ್ದುಂಟು. ಘಾನಾದಲ್ಲಿ ಮೂರು ತಿಂಗಳು, ದಿನಕ್ಕೆ 1.5 ಅಥವಾ 3 ಗ್ರಾಂ ಶುದ್ಧಗೊಳಿಸಿದ ಜೇಡಿ ಕೊಟ್ಟಾಗ ಮೂತ್ರದಲ್ಲಿ ಎಂ1 ಇಳಿಯಿತು. ಆ ಜನ ದಿನವೂ ವಿಷವಿದ್ದ ಮೆಕ್ಕೆಜೋಳ, ಶೇಂಗಾ ತಿನ್ನುತ್ತಿದ್ದವರು ಎಂಬುದನ್ನು ಮರೆಯಬಾರದು. ವಿಷ ಕರುಳಿನಲ್ಲಿತ್ತು, ಜೇಡಿಯೂ ಕರುಳಿಗೇ ಹೋಯಿತು.

ಕೊಲೆಸ್ಟಿರಮಿನ್ ಬಂದ ದಾರಿ ಬೇರೆ. ಅದು ಕೊಲೆಸ್ಟ್ರಾಲ್ ಇಳಿಸಲು ಬಳಸುವ ರಾಳ. ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿಯುತ್ತದೆ, ತಾನು ರಕ್ತಕ್ಕೆ ಸೇರುವುದಿಲ್ಲ. ಅಮೆರಿಕದ ವರ್ಜೀನಿಯಾದ ಹೋಪ್‌ವೆಲ್‌ನಲ್ಲಿ ಕ್ಲೋರ್ಡೆಕೋನ್ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಮಿಕರು ವಿಷಕ್ಕೆ ಸಿಕ್ಕಿದ್ದು 1975ರಲ್ಲಿ ಬಯಲಾಯಿತು. ಆ ವಿಷ ಯಕೃತ್ತಿನಿಂದ ಪಿತ್ತದೊಡನೆ ಕರುಳಿಗಿಳಿದು, ಅಲ್ಲಿಂದ ಮತ್ತೆ ರಕ್ತಕ್ಕೆ ಹೋಗಿ ಸುತ್ತುತ್ತಲೇ ಇರುತ್ತಿತ್ತು. ಕೊಲೆಸ್ಟಿರಮಿನ್ ಆ ಸುತ್ತನ್ನು ಕಡಿಯಿತು; 1978ರ ವರದಿಯ ಪ್ರಕಾರ ರಕ್ತದಲ್ಲಿನ ವಿಷ ಅರ್ಧಕ್ಕಿಳಿಯಲು ಬೇಕಾದ ಕಾಲ 165 ದಿನಗಳಿಂದ 80ಕ್ಕೆ ಬಂತು. ಗಟ್ಟಿಯಾದ ಪುರಾವೆ ಅದು. 1997ರಲ್ಲಿ ಮೇರಿಲ್ಯಾಂಡಿನ ಪೊಕೊಮೋಕ್ ನದಿಯಲ್ಲಿ ಮೀನುಗಳು ಸತ್ತು, ಜನ ಕಾಯಿಲೆ ಬಿದ್ದಾಗ ರಿಚೀ ಶೂಮೇಕರ್ ಎಂಬ ವೈದ್ಯರು ಅದೇ ಔಷಧ ಕೊಟ್ಟರು. ಆಮೇಲೆ ನೀರು ಸೋರಿ ಬೂಷ್ಟು ಹಿಡಿದ ಕಟ್ಟಡಗಳಲ್ಲಿದ್ದವರಿಗೂ ಅದನ್ನೇ ಮುಂದುವರಿಸಿದರು. ಇಂದು ಹರಡಿರುವ ‘ಬೈಂಡರ್ ಚಿಕಿತ್ಸೆ’ಯ ಬೇರು ಬಹುಪಾಲು ಇಲ್ಲಿದೆ.

ಪುರಾವೆಯ ಸರಪಳಿ ಸಡಿಲವಾಗುವುದೂ ಇಲ್ಲೇ. ತೇವದ ಮನೆಯಿಂದ ಕೆಮ್ಮು, ಉಬ್ಬಸ, ಅಲರ್ಜಿ ಹೆಚ್ಚುತ್ತದೆ ಎಂಬುದನ್ನು 2009ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಒಪ್ಪುತ್ತದೆ. ಉಸಿರಿನಲ್ಲಿ ಹೋದ ಬೂಷ್ಟಿನ ವಿಷ ಮೈತುಂಬಾ ಕಾಯಿಲೆ ತರುತ್ತದೆ, ಬೈಂಡರ್ ಅದನ್ನು ಎಳೆದು ತೆಗೆಯುತ್ತದೆ ಎಂಬುದಕ್ಕೆ ಅಂಥ ಪುರಾವೆ ಇಲ್ಲ. ಮೂತ್ರದಲ್ಲಿ ಬೂಷ್ಟಿನ ವಿಷ ಹುಡುಕುವ ಪರೀಕ್ಷೆಯನ್ನೇ ನಂಬಿ ರೋಗ ಹೇಳಬಾರದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ಎಚ್ಚರಿಸಿತು. ಶೇಂಗಾ, ರೊಟ್ಟಿ, ಮೆಣಸಿನಕಾಯಿ ಪುಡಿ ತಿನ್ನುವ ನಮ್ಮ ಮೂತ್ರದಲ್ಲಿ ಒಂದಿಷ್ಟು ಸಿಕ್ಕರೆ ಅದು ಊಟದಿಂದಲೂ ಬಂದಿರಬಹುದು.

ಕೊಲೆಸ್ಟಿರಮಿನ್ ನಿರಪಾಯಕಾರಿ ಪುಡಿಯೂ ಅಲ್ಲ. ವೈದ್ಯರು ಬೇರೆ ಕಾರಣಕ್ಕೆ ಬರೆದುಕೊಟ್ಟಾಗಲೂ ಒಣಪುಡಿ ಬಾಯಿಗೆ ಹಾಕಿಕೊಳ್ಳುವಂತಿಲ್ಲ, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. 4 ಗ್ರಾಂ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕದಡಿ ಕುಡಿಯಬೇಕು. ಥೈರಾಯ್ಡ್ ಮಾತ್ರೆ, ಹೃದಯಕ್ಕೆ ಕೊಡುವ ಡಿಜಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮುಂತಾದವನ್ನೂ ಅದು ಹಿಡಿದುಬಿಡುತ್ತದೆ. ಹಾಗಾಗಿ ಉಳಿದ ಮಾತ್ರೆಗಳನ್ನು ಅದಕ್ಕಿಂತ 1 ಗಂಟೆ ಮೊದಲು ಇಲ್ಲವೇ 4ರಿಂದ 6 ಗಂಟೆ ಬಳಿಕ ನುಂಗಬೇಕು. ಮಲಬದ್ಧತೆ ಸಾಮಾನ್ಯ. ತಿಂಗಳುಗಟ್ಟಲೆ ತೆಗೆದುಕೊಂಡರೆ ಎ, ಡಿ, ಇ, ಕೆ ಜೀವಸತ್ವಗಳು ಕಡಿಮೆಯಾಗುತ್ತವೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಬಹುದು. ಪಿತ್ತನಾಳ ಪೂರ್ತಿ ಕಟ್ಟಿಕೊಂಡವರಿಗೆ ಕೊಡುವುದೇ ಇಲ್ಲ. ಇದ್ದಿಲಿನ ಕ್ಯಾಪ್ಸೂಲೂ ಹಾಗೆಯೇ, ಬಿ.ಪಿ., ಸಕ್ಕರೆ ಮಾತ್ರೆಗಳನ್ನು ಬಿಟ್ಟು ಬೂಷ್ಟಿನ ವಿಷವನ್ನಷ್ಟೇ ಆರಿಸಿ ಹಿಡಿಯುವ ಬುದ್ಧಿ ಅದಕ್ಕಿಲ್ಲ.

ಕಾಲುವೆ ನೀರಿಗೆ ನೆಲ ಜವಳು ಹತ್ತಿದ ಊರುಗಳಲ್ಲಿ ಗೋಡೆಯ ಬುಡ ಒದ್ದೆಯಾಗಿ ಬೂಷ್ಟು ಬರುತ್ತಿದ್ದರೆ, ದುಡ್ಡು ಹಾಕಬೇಕಾದ್ದು ಆ ತೇವಕ್ಕೆ: ಗೋಡೆಯ ಪಕ್ಕದ ನೀರು ಹೊರಗೆ ಹರಿಯಬೇಕು, ಉಬ್ಬಿದ ಗಾರೆ ಕೆತ್ತಬೇಕು, ಒಣಗಿದ ಮೇಲಷ್ಟೇ ಬಣ್ಣ. ಉಬ್ಬಸವಿದ್ದವರು ಎದೆರೋಗದ ವೈದ್ಯರನ್ನು ನೋಡಬೇಕು.

ತಟ್ಟೆಗೆ ಬರುವ ವಿಷಕ್ಕೆ ತಡೆ ಹೊಲದಲ್ಲೇ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಳೆಯಾಶ್ರಿತ ಶೇಂಗಾಕ್ಕೆ ಕೊನೆಯ 20–40 ದಿನ ನೀರು ಕಡಿಮೆಯಾದರೆ ಕಾಯಿ ನೆಲದೊಳಗಿದ್ದಾಗಲೇ ಬೂಷ್ಟು ಹೊಗುತ್ತದೆ. ಹೂಬಿಡುವಾಗ ಎಕರೆಗೆ ಸುಮಾರು 200 ಕಿಲೊ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಕಿತ್ತಾಗ ಒಡೆದ, ಹುಳು ಕೊರೆದ ಕಾಯಿಗಳನ್ನು ಬೇರೆ ತೆಗೆಯಬೇಕು. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕೆಟ್ಟ ಬೀಜ ಇಡೀ ಚೀಲವನ್ನು ಕೆಡಿಸಬಲ್ಲವು. ಪರೀಕ್ಷೆಗೆ ಕಳಿಸುವಾಗಲೂ ಒಂದು ಹಿಡಿ ಸಾಲದು, ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು ಕಲೆಸಬೇಕು. ಕಾಯಿಯ ತೇವ ಶೇ 8ಕ್ಕೆ ಇಳಿದರೆ ಅಲುಗಾಡಿಸಿದಾಗ ಬೀಜ ಸದ್ದು ಮಾಡುತ್ತದೆ. ಮೆಕ್ಕೆಜೋಳಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ: ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಪಾಲಿನಷ್ಟು ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಚೆನ್ನಾಗಿ ಕುಲುಕಿ, ಹದಿನೈದು ನಿಮಿಷ ಬಿಡಬೇಕು. ಉಪ್ಪು ಬಾಟಲಿಯ ಗೋಡೆಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚಿದೆ. ಆ ಕಾಳು ಇನ್ನೂ ಕಣದಲ್ಲೇ, ಟಾರ್ಪಾಲಿನ ಮೇಲೆ ಬಿಸಿಲು ಕಾಯಬೇಕು.