ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತರೆ ಹುದುಗುವಿಕೆ ಮುಗಿದಂತೆಯೇ?

ಓದುಗರ ಪ್ರಶ್ನೆ: ಮೊದಲ ಬಾರಿಗೆ ಮನೆಯಲ್ಲಿ 20 ಲೀಟರ್ ಬಿಯರ್ ಹುದುಗಲು ಇಟ್ಟಿದ್ದೇನೆ. ಯೀಸ್ಟ್ ಹಾಕಿದ ಮರುದಿನವೇ ಏರ್‌ಲಾಕ್‌ನಲ್ಲಿ ಗುಳ್ಳೆಗಳು ಎಡೆಬಿಡದೆ ಬರತೊಡಗಿದವು. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ಸ್ತಬ್ಧ. ಆರಂಭದಲ್ಲಿ 1.050 ಇದ್ದ ಹೈಡ್ರೋಮೀಟರ್ ಅಳತೆ ಈಗ 1.020 ತೋರಿಸುತ್ತಿದೆ. ಹುದುಗುವಿಕೆ ಮುಗಿಯಿತೇ, ನಡುವೆ ನಿಂತುಹೋಯಿತೇ? ಬಾಟಲಿಗೆ ತುಂಬಬಹುದೇ, ಇಲ್ಲವೇ ಮತ್ತೆ ಯೀಸ್ಟ್ ಹಾಕಬೇಕೇ?

ಉತ್ತರ: ಮಾಡಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಟಲಿಗೆ ತುಂಬಬೇಡಿ, ಹೊಸ ಯೀಸ್ಟನ್ನೂ ಹಾಕಬೇಡಿ. ಪಾತ್ರೆಯನ್ನು ಎರಡು ಮೂರು ಡಿಗ್ರಿಯಷ್ಟು ಬೆಚ್ಚಗಿರುವ ಜಾಗಕ್ಕೆ ಸರಿಸಿ, ಮೂರು ದಿನ ಬಿಟ್ಟು ಮತ್ತೊಮ್ಮೆ ಅಳೆಯಿರಿ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ಎರಡನೆಯ ಅಳತೆ.

ಏರ್‌ಲಾಕ್ ಒಂದು ಬಾಗಿಲು ಮಾತ್ರ. ಒಳಗಿನ ಅನಿಲವನ್ನು ಹೊರಗೆ ಬಿಟ್ಟು, ಹೊರಗಿನ ಗಾಳಿಯನ್ನು ತಡೆಯುವುದಷ್ಟೇ ಅದರ ಕೆಲಸ. ಅದನ್ನು ಅಳತೆಯ ಉಪಕರಣವೆಂದು ಭಾವಿಸಿದಾಗಲೇ ಗೊಂದಲ ಶುರುವಾಗುತ್ತದೆ. 1.050ರಿಂದ 1.012ಕ್ಕೆ ಇಳಿಯುವ 20 ಲೀಟರ್ ಬಿಯರ್ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಅನ್ನು ಹೊರಹಾಕುತ್ತದೆ. ಇಷ್ಟೊಂದು ಅನಿಲ ಎಲ್ಲಿ ಸಂದು ಸಿಕ್ಕರೆ ಅಲ್ಲಿಂದ ಹೊರಡುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ಮುಚ್ಚಳ ಒಂದು ಕಡೆ ಸರಿಯಾಗಿ ಕೂತಿಲ್ಲದಿದ್ದರೆ, ಅಥವಾ ಏರ್‌ಲಾಕ್ ಸಿಕ್ಕಿಸಿದ ರಬ್ಬರ್ ಬಿರಡೆ ತುಸು ಸಡಿಲವಾಗಿದ್ದರೆ, ರಭಸ ಹೆಚ್ಚಿದ್ದಾಗ ಏರ್‌ಲಾಕ್ ಮೂಲಕವೂ ಹೊರಬರುತ್ತಿದ್ದ ಅನಿಲ, ರಭಸ ಕಡಿಮೆಯಾದ ಕೂಡಲೇ ಆ ಸಂದಿಯಿಂದಲೇ ಸದ್ದಿಲ್ಲದೆ ಸೋರಿಹೋಗುತ್ತದೆ. ಒಳಗೆ ಹುದುಗುವಿಕೆ ನಡೆಯುತ್ತಲೇ ಇದ್ದರೂ ಹೊರಗೆ ನೋಡುವವರಿಗೆ ಎಲ್ಲವೂ ನಿಂತಂತೆ ಕಾಣುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಹುದುಗುವಿಕೆ ಮುಗಿದ ಮೇಲೂ ದ್ರವದಲ್ಲಿ ಬಹಳಷ್ಟು ಅನಿಲ ಕರಗಿಕೊಂಡಿರುತ್ತದೆ, ಮತ್ತು ದ್ರವ ಬೆಚ್ಚಗಾದಷ್ಟೂ ಅದು ಹಿಡಿದಿಟ್ಟುಕೊಳ್ಳಬಲ್ಲ ಅನಿಲದ ಪ್ರಮಾಣ ಕುಗ್ಗುತ್ತದೆ. 18 ಡಿಗ್ರಿ ಇದ್ದ 20 ಲೀಟರ್ ಬಿಯರ್ ಮಧ್ಯಾಹ್ನದ ಬಿಸಿಗೆ 23 ಡಿಗ್ರಿಗೆ ಏರಿದರೆ ಎರಡು ಲೀಟರಿನಷ್ಟು ಅನಿಲ ತಾನಾಗಿಯೇ ಹೊರಬರುತ್ತದೆ. ಏರ್‌ಲಾಕ್ ಮತ್ತೆ ಗುಳುಗುಳು ಎನ್ನುತ್ತದೆ, ಯೀಸ್ಟ್ ಮಾತ್ರ ತಳದಲ್ಲಿ ಮಲಗಿರುತ್ತದೆ. ವಾತಾವರಣದ ಒತ್ತಡ ಇಳಿದ ದಿನವೂ ಹೀಗೇ ಆಗುತ್ತದೆ. ಪಾತ್ರೆ ತಣ್ಣಗಾದಾಗ ಒಳಗಿನ ಅನಿಲ ಕುಗ್ಗಿ, ಏರ್‌ಲಾಕ್‌ನ ನೀರು ಒಳಗಡೆಗೆ ಎಳೆದುಕೊಳ್ಳುವುದೂ ಉಂಟು. ಆದ್ದರಿಂದ ಅದರಲ್ಲಿ ಕುಡಿಯಲು ಯೋಗ್ಯವಾದ ಶುದ್ಧ ದ್ರವವನ್ನೇ ತುಂಬಿಡುವುದು ಒಳ್ಳೆಯದು.

ಹೈಡ್ರೋಮೀಟರ್ ಅಳೆಯುವುದು ದ್ರವದ ಸಾಪೇಕ್ಷ ಸಾಂದ್ರತೆಯನ್ನು. ನೀರಿನದು 1.000, ಅದರಲ್ಲಿ ಸಕ್ಕರೆ ಕರಗಿದಷ್ಟೂ ಅಂಕಿ ಏರುತ್ತದೆ, ಯೀಸ್ಟ್ ಸಕ್ಕರೆಯನ್ನು ತಿಂದು ನೀರಿಗಿಂತ ಹಗುರವಾದ ಆಲ್ಕೋಹಾಲನ್ನು ಬಿಟ್ಟಷ್ಟೂ ಇಳಿಯುತ್ತದೆ. 0.001 ಅನ್ನು ಒಂದು ಅಂಶವೆಂದು ಎಣಿಸಿದರೆ, ನಿಮ್ಮ ಬಿಯರ್ ಈವರೆಗೆ 50 ಅಂಶಗಳಲ್ಲಿ 30 ಅಂಶ ಇಳಿದಿದೆ, ಅಂದರೆ ನೂರಕ್ಕೆ 60. ಹೆಚ್ಚಿನ ಏಲ್ (ತುಸು ಬೆಚ್ಚಗೆ ಹುದುಗುವ ಬಗೆಯ ಬಿಯರ್) ಯೀಸ್ಟ್‌ಗಳು ನೂರಕ್ಕೆ 70ರಿಂದ 80ರವರೆಗೆ ಕೆಲಸ ಮಾಡುತ್ತವೆ, ಹಾಗಾಗಿ 1.010 ಮತ್ತು 1.015ರ ನಡುವೆ ಎಲ್ಲೋ ನಿಲ್ಲುವುದು ಸಹಜ. 1.012ಕ್ಕೆ ನಿಂತರೆ ಎರಡು ಅಳತೆಗಳ ವ್ಯತ್ಯಾಸವಾದ 0.038 ಅನ್ನು 131.25ರಿಂದ ಗುಣಿಸಿ, ಆಲ್ಕೋಹಾಲ್ ಶೇಕಡಾ 5ರಷ್ಟಿದೆ ಎಂದು ಲೆಕ್ಕ ಹಾಕಬಹುದು.

ಆದರೆ ಅಳತೆಯೇ ತಪ್ಪಿರಬಹುದೆಂಬ ಅನುಮಾನವನ್ನು ಮೊದಲು ಬಗೆಹರಿಸಿಕೊಳ್ಳಿ. ಹೊಸದಾಗಿ ತೆಗೆದ ಮಾದರಿಯಲ್ಲಿ ಹೈಡ್ರೋಮೀಟರನ್ನು ಇಳಿಬಿಟ್ಟು ಹತ್ತಿರದಿಂದ ನೋಡಿದರೆ, ಗಾಜಿನ ಹೊಟ್ಟೆಗೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಅಂಟಿಕೊಳ್ಳುವುದು ಕಾಣುತ್ತದೆ. ಅವು ಉಪಕರಣವನ್ನು ಮೇಲಕ್ಕೆತ್ತಿ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸುತ್ತವೆ. ಮಾದರಿಯನ್ನು ಎರಡು ಲೋಟಗಳ ನಡುವೆ ಹತ್ತಾರು ಬಾರಿ ಸುರಿದು ಅನಿಲ ಬಿಡಿಸಿ, ಹೈಡ್ರೋಮೀಟರನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, ಅದು ನಿಶ್ಚಲವಾದ ಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತಂದು ಓದಿ. ಬಹುತೇಕ ಹೈಡ್ರೋಮೀಟರ್‌ಗಳನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿರುತ್ತಾರೆ. 30 ಡಿಗ್ರಿಯ ಮಾದರಿಯಲ್ಲಿ ಅಂಕಿ 0.002ರಿಂದ 0.003ರಷ್ಟು ಕಡಿಮೆ ಬರುತ್ತದೆ. ಅಳೆದ ಬಿಯರನ್ನು ಪಾತ್ರೆಗೆ ಮರಳಿ ಸುರಿಯುವ ಜಿಪುಣತನ ಬೇಡ, ಕುಡಿದು ನೋಡಿ; ಸಿಹಿ ಉಳಿದಿದೆಯೋ ಇಲ್ಲವೋ ಎಂಬುದನ್ನು ನಾಲಿಗೆಯೂ ಹೇಳುತ್ತದೆ. ಬೆಳಕು ಬಾಗುವುದನ್ನು ನೋಡಿ ಸಕ್ಕರೆಯನ್ನು ಅಳೆಯುವ ರಿಫ್ರಾಕ್ಟೋಮೀಟರ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಆಲ್ಕೋಹಾಲ್ ಬೆರೆತ ದ್ರವದಲ್ಲಿ ಬೆಳಕು ಬಾಗುವ ರೀತಿಯೇ ಬದಲಾಗುವುದರಿಂದ, ನಿಜಕ್ಕೂ 1.012ಕ್ಕೆ ಇಳಿದ ಇಂಥ ಬಿಯರನ್ನು ಅದು 1.025ರ ಆಸುಪಾಸಿನಲ್ಲಿ ತೋರಿಸುತ್ತದೆ. ತಿದ್ದುಪಡಿಯ ಲೆಕ್ಕ ಮಾಡದೆ ಆ ಅಂಕಿಯನ್ನೇ ನಂಬಿ ಹೊಸ ಯೀಸ್ಟ್ ಸುರಿದವರು ಬಹಳ ಮಂದಿ.

ಅಳತೆ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ನಾಲ್ಕನೆಯ ದಿನ 1.020 ಎಂಬುದು ಗಾಬರಿ ಪಡುವ ಅಂಕಿಯೇ ಅಲ್ಲ. ಯೀಸ್ಟ್ ಮೊದಲು ಗ್ಲೂಕೋಸ್‌ನಂಥ ಸರಳ ಸಕ್ಕರೆಗಳನ್ನು ಮುಗಿಸಿ, ನಂತರ ಮಾಲ್ಟೋಸ್ ಎಂಬ ಸಕ್ಕರೆಗೆ ಕೈ ಹಾಕುತ್ತದೆ, ಕಟ್ಟಕಡೆಗೆ ಅದಕ್ಕಿಂತ ದೊಡ್ಡ ಸಕ್ಕರೆಯಾದ ಮಾಲ್ಟೋಟ್ರಯೋಸ್‌ಗೆ. ಮೊದಲ ಮೂರು ದಿನಗಳ ಅಬ್ಬರ ಮುಗಿದ ಬಳಿಕ ಉಳಿಯುವ ಹತ್ತು ಹನ್ನೆರಡು ಅಂಶಗಳು ಇಳಿಯಲು ಮತ್ತೊಂದು ವಾರ ಹಿಡಿದರೆ ಅದು ನಿಧಾನವೇ ಹೊರತು ರೋಗವಲ್ಲ. ಜೊತೆಗೆ ಹುದುಗುವಿಕೆ ತಾನೇ ಶಾಖವನ್ನು ಉಂಟುಮಾಡುತ್ತದೆ. ಅಬ್ಬರದ ಕಾಲದಲ್ಲಿ ಕೋಣೆಗಿಂತ ಕೆಲವು ಡಿಗ್ರಿ ಬಿಸಿಯಾಗಿದ್ದ ದ್ರವ, ರಭಸ ತಗ್ಗಿದ ರಾತ್ರಿ ಕೋಣೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಬೆಚ್ಚಗೆ ಕೆಲಸ ಮಾಡುತ್ತಿದ್ದ ಯೀಸ್ಟ್ ಈ ಹಠಾತ್ ತಂಪಿಗೆ ಮುದ್ದೆಗಟ್ಟಿ ಗಷ್ಟಾಗಿ ತಳ ಸೇರುತ್ತದೆ. ಬೆಚ್ಚಗಿನ ಜಾಗಕ್ಕೆ ಸರಿಸಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಏಲ್ ಯೀಸ್ಟ್ ಆಗಿದ್ದರೆ ಕೊನೆಯ ಹಂತದಲ್ಲಿ 20ರಿಂದ 22 ಡಿಗ್ರಿ ಇರಲಿ, ಮತ್ತು ಮುಚ್ಚಳ ತೆಗೆಯದೆ ಪಾತ್ರೆಯನ್ನು ಮೆಲ್ಲಗೆ ವೃತ್ತಾಕಾರವಾಗಿ ಅಲುಗಿಸಿ ತಳದ ಯೀಸ್ಟನ್ನು ಎಬ್ಬಿಸಿ. ಈ ಹೊತ್ತಿನಲ್ಲಿ ಗಾಳಿ ಬೆರೆಯಬಾರದು. ಯೀಸ್ಟ್ ಹಾಕುವ ಮುನ್ನ ಬೇಕಾಗಿದ್ದ ಆಮ್ಲಜನಕವೇ ಈಗ ಬಿಯರಿಗೆ ಒದ್ದೆ ರಟ್ಟಿನ ರುಚಿಯನ್ನು ತರುತ್ತದೆ.

ಮೂರು ದಿನಗಳ ಬಳಿಕ ಅಂಕಿ 1.016ಕ್ಕೋ 1.014ಕ್ಕೋ ಬಂದಿದ್ದರೆ ಯೀಸ್ಟ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದೆ. ಎರಡು ಮೂರು ದಿನಗಳ ಅಂತರದ ಎರಡು ಅಳತೆಗಳು ಒಂದೇ ಆಗುವವರೆಗೆ ಬಿಟ್ಟುಬಿಡಿ. ಆಗಲೂ 1.020 ಎಂದೇ ತೋರಿಸಿದರೆ ಪ್ರಶ್ನೆ ಬೇರೆಯಾಗುತ್ತದೆ: ಯೀಸ್ಟ್ ಸೋತಿದೆಯೋ, ಅಥವಾ ತಿನ್ನಲು ಇನ್ನೇನೂ ಉಳಿದಿಲ್ಲವೋ? ಇವೆರಡೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಬಿಸಿನೀರಿನಲ್ಲಿ ನೆನೆಸುವಾಗ 62ರಿಂದ 65 ಡಿಗ್ರಿ ಇದ್ದರೆ ಕಿಣ್ವಗಳು ಪಿಷ್ಟವನ್ನು ಯೀಸ್ಟ್ ತಿನ್ನಬಲ್ಲ ಸಕ್ಕರೆಗಳಾಗಿ ಚೆನ್ನಾಗಿ ಒಡೆಯುತ್ತವೆ. 70 ಡಿಗ್ರಿ ದಾಟಿದರೆ ಬೀಟಾ ಅಮೈಲೇಸ್ ಎಂಬ ಕಿಣ್ವ ಬೇಗ ನಾಶವಾಗಿ, ಯೀಸ್ಟಿಗೆ ದಕ್ಕದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿಯುತ್ತವೆ. ಕ್ಯಾರಮೆಲ್ ಮಾಲ್ಟ್ ಹೆಚ್ಚು ಹಾಕಿದ್ದರೆ, ಲ್ಯಾಕ್ಟೋಸ್ ಸೇರಿಸಿದ್ದರೆ ಕೂಡ ಹಾಗೆಯೇ. ಡಬ್ಬಿಯಲ್ಲಿ ಬರುವ ಮಾಲ್ಟ್ ಸಾರವನ್ನಷ್ಟೇ ಬಳಸುವವರಲ್ಲಂತೂ 1.020 ಎಂಬುದು ಕುಖ್ಯಾತ ಅಂಕಿ. ಇಂಥ ಕಡೆ ಎಷ್ಟು ಯೀಸ್ಟ್ ಸುರಿದರೂ ವ್ಯರ್ಥ.

ಇದನ್ನು ತೀರ್ಮಾನಿಸಲು ಒಂದು ಸರಳ ಪರೀಕ್ಷೆಯಿದೆ, ಆದರೆ ಮನೆಯಲ್ಲಿ ಬಿಯರ್ ಮಾಡುವವರು ಇದನ್ನು ಬಳಸುವುದು ಕಡಿಮೆ ಎಂಬುದು ನನ್ನ ದೂರು. ಸುಮಾರು 250 ಮಿಲಿಲೀಟರ್ ಬಿಯರನ್ನು ಶುಚಿಗೊಳಿಸಿದ ಸೀಸೆಗೆ ತೆಗೆದುಕೊಂಡು, ಅದೇ ಬಗೆಯ ಬಿಯರ್ ಯೀಸ್ಟನ್ನು ಧಾರಾಳವಾಗಿ, ಅಂದರೆ ಒಂದು ಚಮಚದಷ್ಟು, ಹಾಕಿ, ಬಾಯಿಗೆ ಹಾಳೆ ಸುತ್ತಿ 25 ಡಿಗ್ರಿಯಷ್ಟು ಬೆಚ್ಚಗಿಡಿ, ನೆನಪಾದಾಗಲೆಲ್ಲ ಅಲುಗಿಸಿ. ಎರಡು ದಿನಗಳ ನಂತರ ಅಳೆದರೆ ಆ ದ್ರವ ಎಲ್ಲಿಯವರೆಗೆ ಇಳಿಯಬಲ್ಲದೆಂಬುದು ಸ್ಪಷ್ಟವಾಗುತ್ತದೆ. ಸೀಸೆಯಲ್ಲೂ 1.020 ಉಳಿದರೆ ನಿಮ್ಮ ಬಿಯರ್ ಮುಗಿದಿದೆ. ಸೀಸೆ 1.012ಕ್ಕೆ ಇಳಿದು ಪಾತ್ರೆ 1.020ರಲ್ಲೇ ಇದ್ದರೆ ಹುದುಗುವಿಕೆ ನಿಜಕ್ಕೂ ನಡುವೆ ನಿಂತಿದೆ.

ಹಾಗೆ ನಿಂತದ್ದನ್ನು ಮತ್ತೆ ಹೊರಡಿಸುವಾಗ ಒಣ ಯೀಸ್ಟಿನ ಪೊಟ್ಟಣವನ್ನು ನೇರವಾಗಿ ಮೇಲೆ ಉದುರಿಸಿದರೆ ಫಲ ಸಿಗುವುದು ಅಪರೂಪ. ಆಲ್ಕೋಹಾಲ್ ಇರುವ, ಆಮ್ಲಜನಕವೂ ಸುಲಭದ ಸಕ್ಕರೆಯೂ ಇಲ್ಲದ ದ್ರವಕ್ಕೆ ಬಿದ್ದ ಯೀಸ್ಟ್ ಅಲ್ಲೇ ಮುದುಡಿಕೊಳ್ಳುತ್ತದೆ. ಅರ್ಧ ಲೀಟರಿನಷ್ಟು ತಿಳಿಯಾದ ಮಾಲ್ಟ್ ಕಷಾಯವನ್ನು ಕುದಿಸಿ ತಣಿಸಿ, ಅದರಲ್ಲಿ ಯೀಸ್ಟನ್ನು ಬೆಳೆಸಿ, ಅದು ನೊರೆಯೆದ್ದು ಉತ್ಸಾಹದಲ್ಲಿರುವಾಗಲೇ ಪಾತ್ರೆಗೆ ಸೇರಿಸಬೇಕು. ಆಲ್ಕೋಹಾಲ್ ಹೆಚ್ಚು ತಾಳುತ್ತದೆ ಎಂಬ ಕಾರಣಕ್ಕೆ ಶಾಂಪೇನ್ ಯೀಸ್ಟ್ ಹಾಕಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಹೆಚ್ಚಿನ ವೈನ್ ಯೀಸ್ಟ್‌ಗಳಿಗೆ ಮಾಲ್ಟೋಟ್ರಯೋಸ್ ಜೀರ್ಣವಾಗುವುದಿಲ್ಲ, ಮತ್ತು ನಿಂತ ಬಿಯರಿನಲ್ಲಿ ಉಳಿದಿರುವುದರಲ್ಲಿ ಅದರ ಪಾಲೇ ದೊಡ್ಡದು. ಯೀಸ್ಟಿನ ಪೋಷಕಾಂಶಗಳಿಂದಲೂ ಈ ಹಂತದಲ್ಲಿ ಬಿಯರಿಗೆ ಪ್ರಯೋಜನವಿಲ್ಲ. ಜೇನಿನ ಮದ್ಯದ ಮಾತು ಬೇರೆ: ಜೇನಿನಲ್ಲಿ ಸಾರಜನಕ ತೀರಾ ಕಡಿಮೆ, ಆದ್ದರಿಂದ ಅಲ್ಲಿ ಆರಂಭದ ದಿನಗಳಲ್ಲೇ ಪೋಷಕಾಂಶ ಕೊಡಬೇಕಾಗುತ್ತದೆ.

ಬಾಟಲಿಗೆ ತುಂಬಬೇಡಿ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಸುರಕ್ಷತೆ. ಹುದುಗಿದ ಬಿಯರಿನಲ್ಲಿ, 20 ಡಿಗ್ರಿಯಲ್ಲಿ, ತನ್ನ ಗಾತ್ರದ ಸುಮಾರು 0.85ರಷ್ಟು ಅನಿಲ ಮೊದಲೇ ಕರಗಿರುತ್ತದೆ. ಬಾಟಲಿ ತುಂಬುವಾಗ ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದರೆ ಇನ್ನೊಂದೂವರೆ ಪಟ್ಟು ಸೇರಿ, ಒಟ್ಟು 2.4 ಪಟ್ಟಿನ ಹಿತವಾದ ನೊರೆ ಸಿಗುತ್ತದೆ. ಆದರೆ ಸಾಂದ್ರತೆ ಬಾಟಲಿಯೊಳಗೆ ಇಳಿಯುವ ಪ್ರತಿ 0.001ಕ್ಕೂ ಅರ್ಧ ಪಟ್ಟು ಅನಿಲ ಹೆಚ್ಚುತ್ತದೆ. 1.012ಕ್ಕೆ ಇಳಿಯಬೇಕಾದ ಬಿಯರನ್ನು 1.020ರಲ್ಲಿ ತುಂಬಿದರೆ ನಾಲ್ಕು ಪಟ್ಟು ಹೆಚ್ಚುವರಿ, ಒಟ್ಟು ಆರೂವರೆಗೆ ಹತ್ತಿರ. ಅದು ದಪ್ಪ ಗಾಜಿನ ಶಾಂಪೇನ್ ಬಾಟಲಿ ತಾಳಬೇಕಾದ ಒತ್ತಡ. ಸಾಧಾರಣ ಬಿಯರ್ ಬಾಟಲಿ ಸಿಡಿಯುತ್ತದೆ. ನಾನು ಕಲಿಯುತ್ತಿದ್ದಾಗ ಗುಳ್ಳೆ ನಿಂತದ್ದನ್ನೇ ಮುಹೂರ್ತವೆಂದು ಭಾವಿಸಿ ತುಂಬಿದ ಬಾಟಲಿಗಳಲ್ಲಿ ಒಂದು, ಮೂರನೆಯ ವಾರ ನಡುರಾತ್ರಿ ಕಪಾಟಿನೊಳಗೆ ಸಿಡಿಯಿತು. ಬೆಳಿಗ್ಗೆ ನೋಡಿದರೆ ಗಾಜಿನ ಚೂರೊಂದು ಕಪಾಟಿನ ಮರದ ಬಾಗಿಲಿಗೆ ಉಗುರಿನಷ್ಟು ಆಳ ನೆಟ್ಟಿತ್ತು. ಉಳಿದವನ್ನು ದಪ್ಪ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಒದ್ದೆ ಟವೆಲ್ ಮುಚ್ಚಿ, ತಣ್ಣಗಿನ ಪೆಟ್ಟಿಗೆಗೆ ಸಾಗಿಸಿ, ಮರುದಿನ ಒಂದೊಂದಾಗಿ ತೆರೆದೆ.

ಅಳತೆ ಸ್ಥಿರವಾದ ಮೇಲೂ ಅವಸರ ಬೇಡವೆನ್ನಲು ಇನ್ನೊಂದು ಕಾರಣವಿದೆ. ಹುದುಗುವಿಕೆಯ ನಡುವೆ ಯೀಸ್ಟ್ ಹೊರಹಾಕಿದ, ಬೆಣ್ಣೆಯ ವಾಸನೆಯ ಡೈಅಸಿಟೈಲ್ ಮತ್ತು ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್ ಇವೆರಡನ್ನೂ ಯೀಸ್ಟೇ ಕೊನೆಯಲ್ಲಿ ಮರಳಿ ಹೀರಿಕೊಳ್ಳುತ್ತದೆ. ನಿಮ್ಮ ಮಾದರಿಯಲ್ಲಿ ಇವುಗಳ ಸುಳಿವಿದ್ದರೆ ಮತ್ತೆ ಎರಡು ಮೂರು ದಿನ ಬೆಚ್ಚಗೆ ಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೂ ಹೆದರುವಂಥದ್ದೇನಿಲ್ಲ, ಅದು ಹೈಡ್ರೋಜನ್ ಸಲ್ಫೈಡ್, ಸಾಮಾನ್ಯವಾಗಿ ತಾನಾಗಿಯೇ ಆರಿಹೋಗುತ್ತದೆ. ಮೇಲ್ಮೈಯಲ್ಲಿ ಕೂದಲೆದ್ದಂತೆ ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ ಮಾತ್ರ ಅಳತೆಯ ಮಾತೇ ಬೇಡ, ಚೆಲ್ಲಿಬಿಡಿ. ಪಾತ್ರೆಯ ಒಳಗೋಡೆಗೆ ದ್ರವದ ಮಟ್ಟಕ್ಕಿಂತ ಮೇಲೆ ಒಣಗಿ ಅಂಟಿದ ಕಂದು ಪಟ್ಟಿ ಬೂಷ್ಟಲ್ಲ. ಎರಡನೆಯ ದಿನ ಉಕ್ಕಿದ ನೊರೆ ಅಲ್ಲಿಯವರೆಗೆ ಬಂದಿತ್ತು ಎಂಬುದರ ಗುರುತು ಅದು.