ಯಾರು ಆಳ್ಬೇಕು ಅನ್ನೋದಲ್ಲ, ಹೇಗೆ ಆಳ್ಬೇಕು ಅನ್ನೋದು

632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗ ಮದೀನಾದಲ್ಲಿ ಮೊದಲು ಎದ್ದ ಪ್ರಶ್ನೆ, ಇನ್ಮೇಲೆ ನಮ್ಮನ್ನ ನಡೆಸೋರು ಯಾರು ಅಂತ. ಸುನ್ನಿ-ಶಿಯಾ ಒಡಕಿನ ಬೇರೂ ಅಲ್ಲೇ ಇದೆ. ಮುಂದೆ ಎಷ್ಟೋ ತಲೆಮಾರು ವಾದ ನಡೆದಿದ್ದು ಇದರ ಸುತ್ತಾನೇ, ಖಲೀಫನ ಪಟ್ಟ ಯಾವ ಮನೆತನಕ್ಕೆ ಸೇರ್ಬೇಕು ಅಂತ.

ಆದ್ರೆ ಇಸ್ಲಾಮಿನ ರಾಜಕೀಯ ಚಿಂತನೇಲಿ ಇನ್ನೊಂದು ಪ್ರಶ್ನೇನೂ ಇದೆ, ಪಟ್ಟ ಯಾರದ್ದೇ ಆಗ್ಲಿ, ಹೇಗೆ ಆಳ್ಬೇಕು ಅಂತ. 945ರಲ್ಲಿ ಬೂಯಿದ್ ಅನ್ನೋ ಶಿಯಾ ದಂಡನಾಯಕರ ಮನೆತನ, ಖಲೀಫನ ರಾಜಧಾನಿ ಬಾಗ್ದಾದನ್ನ ಹಿಡೀತು, ಸುನ್ನಿ ಖಲೀಫ ಗಾದಿ ಮೇಲೇ ಇದ್ದ, ಆದ್ರೆ ಸೈನ್ಯ ಖಜಾನೆ ಎರಡೂ ಅವನ ಕೈಲಿರಲಿಲ್ಲ. 1055ರಲ್ಲಿ ಸೆಲ್ಜುಕ್ ತುರ್ಕರು ಬಂದ್ರು, ಆಗ್ಲೂ ಕತ್ತಿ ಬೇರೆಯವರ ಕೈಲೇ. ಈ ಕಾಲದಲ್ಲೇ ಖಾಜಿ, ಅಂದ್ರೆ ನ್ಯಾಯಾಧೀಶ, ಅಲ್-ಮಾವರ್ದಿ, ಬಲದಿಂದ ಪ್ರಾಂತ್ಯ ಹಿಡಿದ ದಂಡನಾಯಕನೂ ಖಲೀಫನನ್ನ ಒಪ್ಪಿ ಶರಿಯತ್ ಪ್ರಕಾರ ನಡ್ಕೊಂಡ್ರೆ ಅವನಿಗೆ ಮಾನ್ಯತೆ ಕೊಡಬಹುದು ಅಂತ ಬರೆದ. ಇದನ್ನ ಬರೀ ರಾಜಿ ಅಂತ ತಳ್ಳಿಹಾಕೋರಿದ್ದಾರೆ, ನಾನು ಒಪ್ಪಲ್ಲ. ಇಳಿಸೋಕಾಗದವನಿಗೆ ಕಡಿವಾಣ ಹಾಕೋ ಪ್ರಯತ್ನ ಅದು.

ಸೆಲ್ಜುಕರ ವಜೀರ ನಿಜಾಮುಲ್ ಮುಲ್ಕ್ ಇದನ್ನ ದಿನದ ಕೆಲಸದ ಮಟ್ಟಕ್ಕೆ ಇಳಿಸಿದ. ಸುಲ್ತಾನ ಮಲಿಕ್ ಷಾಗೋಸ್ಕರ ಬರೆದ ‘ಸಿಯಾಸತ್‌ನಾಮಾ’ದಲ್ಲಿ, ರಾಜ ವಾರಕ್ಕೆ ಎರಡು ದಿನ ಕೂತು ಜನರ ದೂರನ್ನ ತನ್ನ ಕಿವಿಯಿಂದಾನೇ ಕೇಳ್ಬೇಕು, ನಡುವೆ ಯಾರೂ ಇರಬಾರದು ಅಂತಾನೆ. ಅಲ್ಲೇ ಒಂದು ಕಥೆ ಬರುತ್ತೆ. ಒಬ್ಬ ರಾಜನಿಗೆ ಕಿವಿ ಮಂದ, ಆಸ್ಥಾನದವರು ದೂರನ್ನ ತಿರುಚಿ ಹೇಳಿಬಿಟ್ರೆ ಅನ್ನೋ ಅನುಮಾನ ಅವನಿಗೆ. ಅದಕ್ಕೆ, ಅನ್ಯಾಯ ಆದವರು ಮಾತ್ರ ಕೆಂಪು ಬಟ್ಟೆ ಹಾಕ್ಬೇಕು, ಬೇರೆ ಯಾರೂ ಹಾಕಬಾರದು ಅಂತ ಅಪ್ಪಣೆ ಮಾಡಿ, ಆನೆ ಹತ್ತಿ ಬಯಲಿಗೆ ಬಂದು ನಿಲ್ತಿದ್ದ, ಕೆಂಪು ಕಂಡ ಕಡೆಯವರನ್ನ ಕರೆಸಿ ಒಬ್ಬೊಬ್ಬರನ್ನೇ ಕೇಳ್ತಿದ್ದ. ನಂಗೆ ಈ ಇಡೀ ಪರಂಪರೇಲಿ ತುಂಬಾ ಹಿಡಿಸಿದ್ದು ಇದೇ ಚಿತ್ರ. 1092ರಲ್ಲಿ ಆ ವಜೀರನನ್ನ ಇರಿದು ಕೊಂದವನೂ ಅಹವಾಲು ಹೇಳ್ಕೊಳ್ಳೋ ವೇಷದಲ್ಲೇ ಹತ್ತಿರ ಬಂದಿದ್ದ ಅಂತ ಚರಿತ್ರೆಕಾರರು ಬರೀತಾರೆ.

ಸೈನ್ಯ ಇಲ್ದೆ ರಾಜ್ಯ ಇಲ್ಲ, ಹಣ ಇಲ್ದೆ ಸೈನ್ಯ ಇಲ್ಲ, ರೈತ ಚೆನ್ನಾಗಿಲ್ದೆ ಹಣ ಇಲ್ಲ, ನ್ಯಾಯ ಇಲ್ದೆ ರೈತ ಚೆನ್ನಾಗಿರಲ್ಲ. ಈ ನ್ಯಾಯಚಕ್ರದ ಮಾತು ಅರಬ್ಬಿ, ಪಾರ್ಸಿ ಬರಹಗಳಲ್ಲಿ ಮತ್ತೆ ಮತ್ತೆ ಸಿಗುತ್ತೆ. ಚರಿತ್ರೆಕಾರ ಇಬ್ನ್ ಖಲ್ದೂನ್ 1377ರಲ್ಲಿ, ಈಗಿನ ಅಲ್ಜೀರಿಯಾದ ಒಂದು ಕೋಟೇಲಿದ್ದು ‘ಮುಕದ್ದಿಮಾ’ ಅನ್ನೋ ಪುಸ್ತಕ ಬರೆದಾಗ ಇದಕ್ಕೆ ಲೆಕ್ಕಾಚಾರವನ್ನೂ ಸೇರಿಸಿದ: ರಾಜವಂಶ ಹೊಸದಾಗಿದ್ದಾಗ ತೆರಿಗೆ ಕಮ್ಮಿ, ಆದಾಯ ಜಾಸ್ತಿ, ಅದು ಮುದಿಯಾದ ಮೇಲೆ ತೆರಿಗೆ ಜಾಸ್ತಿ, ಆದಾಯ ಕಮ್ಮಿ. ದುಡಿದಿದ್ದು ಕೈಗೆ ಉಳಿಯಲ್ಲ ಅಂತ ಗೊತ್ತಾದ್ರೆ ಜನ ದುಡಿಯೋದನ್ನೇ ಬಿಡ್ತಾರೆ ಅಂದ. ದೊಡ್ಡ ಅನ್ಯಾಯಗಳಲ್ಲಿ ಅವನು ಎಣಿಸಿದ್ದು ಬಿಟ್ಟಿ ಚಾಕರೀನ, ಯಾಕಂದ್ರೆ ಬಡವನ ಹತ್ರ ಬಂಡವಾಳ ಅಂತ ಇರೋದೇ ಅವನ ದುಡಿಮೆ.